ದೀಪಾವಳಿಗೆ ನಮ್ಮ ನಾಯಿ-ಬೆಕ್ಕುಗಳ ಬೋರ್ಡಿಂಗ್‌ನಲ್ಲಿ ಹೊಸ ನಿಯಮ: ಕೊರಳಲ್ಲಿ ಫೋನ್ ನಂಬರ್ ಇರಲೇಬೇಕು

ಪ್ರೀತಿಯ ಗ್ರಾಹಕರಿಗೆ ಶರಣು ಶರಣಾರ್ಥಿ.

ಈ ದೀಪಾವಳಿಯಿಂದ, ಕೊರಳ ಪಟ್ಟಾದಲ್ಲಿ ಮನೆಯವರ ಫೋನ್ ನಂಬರ್ ಕೊರೆದ ಬಿಲ್ಲೆ ಇಲ್ಲದ ನಾಯಿ, ಬೆಕ್ಕುಗಳನ್ನು ನಮ್ಮಲ್ಲಿ ಇರಿಸಿಕೊಳ್ಳುವುದಿಲ್ಲ. ಹಳಬರು, ಹೊಸಬರು ಎಲ್ಲರಿಗೂ ಇದೊಂದೇ ನಿಯಮ. ನರಕ ಚತುರ್ದಶಿಯಿಂದ ಬಲಿಪಾಡ್ಯಮಿವರೆಗೆ ಸಂಜೆ 4ರ ನಂತರ ಬಾಗಿಲು ತೆರೆಯುವುದಿಲ್ಲ. ಬಿಡುವುದಿರಲಿ, ಕರೆದೊಯ್ಯುವುದಿರಲಿ, ಅದಕ್ಕೂ ಮುಂಚೆಯೇ ಆಗಬೇಕು. ಸ್ನಾನಕ್ಕೂ ಕೂದಲು ಕತ್ತರಿಸುವುದಕ್ಕೂ ಪಟ್ಟಾ ಬಿಚ್ಚಬೇಕಾಗುತ್ತದೆ, ಆದ್ದರಿಂದ ಆ ಕೆಲಸವೂ ಈ ದಿನಗಳಲ್ಲಿ ಬಂದ್. ದರದಲ್ಲಿ ಬದಲಾವಣೆ ಇಲ್ಲ.

"ನಮ್ಮ ನಾಯಿ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ರಿ, ಅದಕ್ಕ್ಯಾಕ ಬಿಲ್ಲೆ?" ಎಂದು ಹಲವರು ಕೇಳುತ್ತೀರಿ. ಉಳಿದ ದಿನಗಳಲ್ಲಿ ಆ ಮಾತು ನಿಜವೇ. ಆದರೆ ಅಮಾವಾಸ್ಯೆಯ ಸಂಜೆ ಕಲಬುರಗಿಯ ಗಂಜ್ ಮಾರುಕಟ್ಟೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಂಗಡಿ ಪೂಜೆ ಮುಗಿದಂತೆ ಒಬ್ಬರ ಪಟಾಕಿ ಲಡಿ ಆರುವ ಮೊದಲೇ ಪಕ್ಕದವರ ಲಡಿ ಹತ್ತಿಕೊಳ್ಳುತ್ತದೆ. ದೀಪಾವಳಿಯ ಪಟಾಕಿಗೆ ಸುಪ್ರೀಂ ಕೋರ್ಟ್ 2018ರಲ್ಲಿ ಗೊತ್ತುಮಾಡಿದ ಹೊತ್ತು ರಾತ್ರಿ 8ರಿಂದ 10. ಆದರೆ ಪೂಜೆಯ ಮುಹೂರ್ತ ಗಡಿಯಾರದ ಆ ಲೆಕ್ಕಕ್ಕೆ ಕಾಯುವುದಿಲ್ಲ, ಸದ್ದು ಸಂಜೆಯೇ ಶುರುವಾಗುತ್ತದೆ. ನಾವು 4 ಗಂಟೆಗೇ ಬಾಗಿಲು ಹಾಕುವುದು ಅದಕ್ಕಾಗಿ.

ನಮ್ಮ ಕಿವಿ ಸುಮಾರು 20,000 ಹರ್ಟ್ಜ್‌ವರೆಗಿನ ಕೀರಲು ಸದ್ದನ್ನು ಹಿಡಿದರೆ, ನಾಯಿಯ ಕಿವಿ ಸುಮಾರು 45,000ದವರೆಗೆ ಹಿಡಿಯುತ್ತದೆ. ಬೆಕ್ಕಿನದು 60,000ವನ್ನೂ ದಾಟುತ್ತದೆ. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬಲ್ ಮೀರಬಾರದು ಎಂದು ಕಾನೂನಿದೆ. ಆ ಮಿತಿಯೊಳಗಿನ ಸದ್ದೇ ಈ ಜೀವಗಳಿಗೆ ತಡೆಯಲಾಗದಷ್ಟು. ಹಬ್ಬ ಯಾವುದು, ಸದ್ದು ಯಾವಾಗ ನಿಲ್ಲುತ್ತದೆ ಎಂಬುದು ಅವಕ್ಕೆ ತಿಳಿಯುವುದೂ ಇಲ್ಲ. ಬೆದರಿದ ನಾಯಿ ದಾರಿ ಮೂಸುತ್ತಾ ಹೋಗುವುದಿಲ್ಲ. ಕಣ್ಣಿಗೆ ಕಂಡತ್ತ ಓಡುತ್ತದೆ, ಸಾಕಿದವರು ಕೂಗಿದರೂ ನಿಲ್ಲುವುದಿಲ್ಲ. ನಿಂತಾಗ ಅದು ಗುರುತಿಲ್ಲದ ಓಣಿಯಲ್ಲಿರುತ್ತದೆ. ಅಲ್ಲಿಯವರಿಗೆ ಕಾಣುವುದು ಏದುಸಿರು ಬಿಡುತ್ತಾ ಗಾಡಿಯ ಕೆಳಗೆ ನುಸುಳಿದ ಯಾವುದೋ ಒಂದು ನಾಯಿ. ಕೊರಳಲ್ಲಿ ನಂಬರ್ ಇದ್ದರೆ ಒಂದು ಫೋನ್ ಬರುತ್ತದೆ. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನವರು ಕೂಡ ಒಂದಿಷ್ಟು ರೊಟ್ಟಿ ಹಾಕಿ ಸುಮ್ಮನಾಗುತ್ತಾರೆ.

ಬೀದಿಯಿಂದ ತಂದು ಸಾಕಿದವರು ಇನ್ನೂ ಎಚ್ಚರವಾಗಿರಿ. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಮಾಡಿರುತ್ತಾರೆ. ಅದನ್ನು ಕಂಡವರು ಮನೆಯ ನಾಯಿಯನ್ನೂ ಬೀದಿಯದೆಂದೇ ತಿಳಿಯುತ್ತಾರೆ. ದೃಷ್ಟಿಗೆಂದು ಕಾಲಿಗೆ ಕಟ್ಟಿದ ಕರಿ ದಾರ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಅದು ನಿಮ್ಮ ಮನೆ ಎಲ್ಲಿದೆ ಎಂದು ಯಾರಿಗೂ ಹೇಳುವುದಿಲ್ಲ.

ಬಿಲ್ಲೆಯ ವಿಷಯದಲ್ಲಿ ನಾವು ಸ್ವಲ್ಪ ಹಟ ಹಿಡಿದಿದ್ದೇವೆ. ಸ್ಟೀಲಿನದಾಗಬೇಕು, ಅಕ್ಷರ ಕೊರೆದಿರಬೇಕು. ಮಾರ್ಕರ್‌ನಲ್ಲಿ ಬರೆದದ್ದು, ಸ್ಟಿಕರ್ ಅಂಟಿಸಿದ್ದು ಎರಡು ಸ್ನಾನಕ್ಕೆ ಅಳಿಸಿಹೋಗುತ್ತದೆ. ಮುಂದೆ ಎರಡು ಫೋನ್ ನಂಬರ್ ಇರಲಿ: ಒಂದು ನಿಮ್ಮದು, ಇನ್ನೊಂದು ಬೇರೆ ಮನೆಯಲ್ಲಿರುವ ಹತ್ತಿರದವರದು. ಪೂಜೆಗೆ ಕೂತವರ ಫೋನ್ ಜಗಲಿಯ ಮೇಲೆ ಸೈಲೆಂಟಾಗಿ ಬಿದ್ದಿರುತ್ತದೆ, ಆಗ ಎರಡನೆಯ ನಂಬರೇ ಕೆಲಸಕ್ಕೆ ಬರುತ್ತದೆ. ನಾಯಿಯ ಹೆಸರು ಹಿಂಬದಿಗೆ ಸಾಕು. ಬಿಲ್ಲೆ ಸಿಕ್ಕಿಸಲು ಬಾಯಿ ತೆರೆದ ಕೊಕ್ಕೆ ಬೇಡ, ಕೀ ಗೊಂಚಲಿನಂಥ ಎರಡು ಸುತ್ತಿನ ಉಂಗುರ ಬೇಕು. ಪಟ್ಟಾ ಮತ್ತು ಕೊರಳಿನ ನಡುವೆ ನಿಮ್ಮ ಎರಡು ಬೆರಳು ಹಿಡಿಯುವಷ್ಟು ಸಡಿಲವಿದ್ದರೆ ಸರಿ.

ಮುಧೋಳ ನಾಯಿ ಸಾಕಿದವರಿಗೆ ಬೇರೆಯಾಗಿ ಒಂದು ಮಾತು. ಅದರ ತಲೆ ಕಿರಿದು, ಕೊರಳು ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಹೆದರಿ ಹಿಂದಕ್ಕೆ ಜಗ್ಗಿದರೆ ಮಾಮೂಲಿ ಪಟ್ಟಾ ಕಿವಿ ದಾಟಿ ಕಳಚಿಬರುತ್ತದೆ. ಅದಕ್ಕೆ ಎಳೆದಾಗ ತುಸು ಬಿಗಿಯಾಗುವ ಅಗಲ ಪಟ್ಟಾ ಹಾಕಿ, ಹೊರಗೆ ಹೋಗುವಾಗ ಜೊತೆಗೆ ಎದೆಪಟ್ಟಿಯೂ ಇರಲಿ. ಬೆಕ್ಕಿಗಾದರೆ ಜೋರಾಗಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಪಟ್ಟಾ ಬೇಕು, ಇಲ್ಲದಿದ್ದರೆ ಗಿಡಕ್ಕೋ ಕಿಟಕಿಯ ಸರಳಿಗೋ ಸಿಕ್ಕಿ ಉಸಿರುಗಟ್ಟುವ ಭಯ.

ಪಟ್ಟಾ ಕಳಚಿಹೋದರೂ ಉಳಿಯುವ ಗುರುತು ಮೈಕ್ರೋಚಿಪ್. ಅಕ್ಕಿಕಾಳಿಗಿಂತ ತುಸು ದೊಡ್ಡದು, ಪಶುವೈದ್ಯರು ಅದನ್ನು ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಇಡುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ತೋರಿಸುವುದೂ ಇಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಗಳ ಒಂದು ಸಂಖ್ಯೆ ಮಾತ್ರ ಬರುತ್ತದೆ. ಆ ಸಂಖ್ಯೆ ನಿಮ್ಮ ಈಗಿನ ಫೋನ್ ನಂಬರ್ ಜೊತೆ ನೋಂದಣಿಯಾಗಿದ್ದರಷ್ಟೇ ಉಪಯೋಗ. ಸಿಮ್ ಬದಲಿಸಿದವರು, ಮನೆ ಬದಲಿಸಿದವರು ಹಬ್ಬಕ್ಕೆ ಮುಂಚೆ ಅದನ್ನು ಸರಿಮಾಡಿಸಿ. ನಮ್ಮಲ್ಲಿ ಸ್ಕ್ಯಾನರ್ ಇದೆ. ಚಿಪ್ ಕೆಲವೊಮ್ಮೆ ಇಟ್ಟ ಜಾಗದಿಂದ ಭುಜಕ್ಕೋ ಮುಂಗಾಲಿನತ್ತಲೋ ಜರುಗಿರುತ್ತದೆ, ಅದಕ್ಕೇ ಬೆನ್ನು, ಎರಡೂ ಪಕ್ಕ, ಎದೆಯವರೆಗೆ ನಿಧಾನವಾಗಿ ಆಡಿಸಿ ನೋಡುತ್ತೇವೆ. ಇದಕ್ಕೆ ದುಡ್ಡಿಲ್ಲ. ದಾರಿಯಲ್ಲಿ ಸಿಕ್ಕ ನಾಯಿ ನಮ್ಮ ಗ್ರಾಹಕರದಲ್ಲದಿದ್ದರೂ ಕರೆತನ್ನಿ.

ಕೌಂಟರ್‌ನಲ್ಲಿ ನಿದ್ದೆ ಮಾತ್ರೆ ದಯವಿಟ್ಟು ಕೇಳಬೇಡಿ. ಹಿಂದೆಲ್ಲ ಹೆಚ್ಚಾಗಿ ಕೊಡುತ್ತಿದ್ದ ಅಸೆಪ್ರೊಮಜಿನ್ ಮೈಯನ್ನು ಜಡ ಮಾಡುತ್ತದೆಯೇ ಹೊರತು ಹೆದರಿಕೆಯನ್ನು ತೆಗೆಯುವುದಿಲ್ಲ. ಓಡಲಾಗದೆ ಬಿದ್ದ ನಾಯಿ ಒಳಗೊಳಗೇ ಅಷ್ಟೇ ನಡುಗುತ್ತಿರುತ್ತದೆ. ಹೆದರಿಕೆಗೇ ಕೊಡುವ ಔಷಧಗಳು ಬೇರೆ ಇವೆ. ತೂಕ, ವಯಸ್ಸು, ಹೃದಯ ನೋಡಿ ಪಶುವೈದ್ಯರೇ ಬರೆದುಕೊಡಬೇಕು, ಹಬ್ಬಕ್ಕೆ ಮುಂಚೆ ಒಮ್ಮೆ ಕೊಟ್ಟು ನೋಡಲೂ ಬೇಕು. ಆದ್ದರಿಂದ ವಾರ ಮೊದಲೇ ತೋರಿಸಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುಟ್ಟಲೇಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಮನೆಯಲ್ಲೇ ಇಟ್ಟುಕೊಳ್ಳುವವರು ಬಿಸಿಲಿರುವಾಗಲೇ ತಿರುಗಾಡಿಸಿ ತನ್ನಿ. ಸಂಜೆ ಒಳಕೋಣೆಯಲ್ಲಿ ಫ್ಯಾನ್ ಹಾಕಿ, ಟಿವಿ ಹಚ್ಚಿ, ನೀರಿಡಿ. ಅಂಗಳದಲ್ಲಿ ಚೈನಿಗೆ ಕಟ್ಟಬೇಡಿ. ಮಂಚದ ಕೆಳಗೆ ಹೊಕ್ಕರೆ ಎಳೆದು ತೆಗೆಯಬೇಡಿ. ಹತ್ತಿರ ಬಂದರೆ ಮೈ ಸವರಿ. ಮುದ್ದಿಸಿದರೆ ಅಂಜಿಕೆ ಹೆಚ್ಚುತ್ತದೆ ಎನ್ನುವುದು ಸುಳ್ಳು. ಪೂಜೆಗೆ ಬಂದುಹೋಗುವವರಿಗಾಗಿ ಬಾಗಿಲು ತೆರೆದೇ ಇರುವ ಮನೆಗಳಲ್ಲಿ, ಒಳಕೋಣೆಯ ಬಾಗಿಲು ಕಾಯಲು ಮಕ್ಕಳಲ್ಲಿ ದೊಡ್ಡವರೊಬ್ಬರಿಗೆ ಹೇಳಿ. ಪಾಡ್ಯದ ಬೆಳಿಗ್ಗೆ ಅಂಗಳ ಸಾರಿಸುವಾಗ ಸಿಡಿಯದೆ ಉಳಿದ ಪಟಾಕಿ, ಮದ್ದಿನ ಕಾಗದಗಳನ್ನೆಲ್ಲ ಗುಡಿಸಿ ತೆಗೆದ ಮೇಲೆಯೇ ನಾಯಿಯನ್ನು ಹೊರಗೆ ಬಿಡಿ. ಆ ಮದ್ದಿನಲ್ಲಿ ಬೇರಿಯಂನಂಥ ವಿಷವಿರಬಹುದು.

ಇಷ್ಟಾದರೂ ತಪ್ಪಿಸಿಕೊಂಡರೆ ಅಟ್ಟಿಸಿಕೊಂಡು ಹೋಗಬೇಡಿ. ಮೊದಲು ಹತ್ತಿರದ ಓಣಿಗಳನ್ನು, ನಿಂತ ಗಾಡಿಗಳ ಕೆಳಗೆ, ಚರಂಡಿಯ ಹಾಸುಗಲ್ಲಿನ ಅಡಿ, ಕಟ್ಟುತ್ತಿರುವ ಮನೆಗಳ ಒಳಗೆ ನೋಡಿ. ಕಂಡರೆ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕರೆಯಿರಿ. ಇತ್ತೀಚಿನ ಎರಡು ಫೋಟೊಗಳನ್ನು, ಒಂದು ಮುಖದ್ದು, ಇನ್ನೊಂದು ಮೈಮೇಲಿನ ಮಚ್ಚೆ ಕಾಣುವಂಥದ್ದು, ನಮ್ಮ ವಾಟ್ಸ್ಆ್ಯಪ್‌ಗೆ ಈಗಲೇ ಕಳಿಸಿಟ್ಟಿರಿ. ಬಾಗಿಲು ಹಾಕಿದ್ದರೂ ಆ ಮೂರು ರಾತ್ರಿ ನಮ್ಮ ಫೋನ್ ಚಾಲೂ ಇರುತ್ತದೆ.

ನಮ್ಮಲ್ಲಿ ಬಿಡುವ ಪ್ರಾಣಿಗೆ ಬಿಲ್ಲೆಯನ್ನು ನಾವೇ ಉಚಿತವಾಗಿ ಮಾಡಿಕೊಡುತ್ತೇವೆ. ಬೇರೆಯವರು ಕೊರೆಸುವ ಖರ್ಚಷ್ಟೇ ಕೊಟ್ಟರೆ ಸಾಕು. ನೀವು ಕಾಯುತ್ತಿರುವಾಗಲೇ ಮಾಡಿಕೊಡಬಹುದು, ಆದರೆ ಕೊನೆಯ ದಿನ ಎಲ್ಲರೂ ಒಟ್ಟಿಗೆ ಬಂದರೆ ಆಗುವುದಿಲ್ಲ. ಧನತ್ರಯೋದಶಿಯ ಮಧ್ಯಾಹ್ನದೊಳಗೆ ಬನ್ನಿ. ಡಿಸೆಂಬರ್ 31ರ ರಾತ್ರಿಗೂ ಇದೇ ನಿಯಮ.

ನಿಮ್ಮ ವಿಶ್ವಾಸಿಗಳು,
ಬೋರ್ಡಿಂಗ್‌ನ ಎಲ್ಲರೂ
ಕಲಬುರಗಿ