ಗಪ್ಪಿಗಳನ್ನು ಯಾರಿಗೂ ಕೊಡುವುದಿಲ್ಲ

ಪುಟ್ಟೀ,

ನಿನ್ನೆ ಫೋನಿನಲ್ಲಿ ನನ್ನ ಕೈಯ ಹುಣ್ಣಿನ ಸುದ್ದಿ ಕೇಳಿ "ಎಲ್ಲಾ ನನ್ನಿಂದಲೇ ಆಗಿದ್ದು, ಆ ಗಪ್ಪಿ ಮೀನು ಯಾರಿಗಾದರೂ ಕೊಟ್ಟುಬಿಡಮ್ಮ" ಅಂತ ಅಳು ಶುರು ಮಾಡಿದೆ. ಫೋನಿನಲ್ಲಾದರೆ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತೋರುಬೆರಳಿನ ಮೇಲೆ ಕಡಲೆಕಾಳಿನಷ್ಟು ಗಂಟು ಎದ್ದಿತ್ತು. ಜ್ವರವಿಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಅರಿಶಿನ ಮೆತ್ತಿ ಸುಮ್ಮನಿದ್ದೆ. ತಿಂಗಳೊಳಗೆ ಅದು ಒಡೆದು ಹುಣ್ಣಾಯಿತು. ಅಲ್ಲಿಂದ ಮುಂಗೈ ಮೇಲೆ ಇನ್ನೆರಡು ಗಂಟು, ಇರುವೆ ಸಾಲಿನ ಹಾಗೆ ಮೇಲಕ್ಕೆ ಹತ್ತಿದವು. ಎರಡು ಕೋರ್ಸ್ ಮಾತ್ರೆ ನುಂಗಿದ್ದಾಯಿತು. ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಬಯಾಪ್ಸಿ ನೋಡಿ ಚರ್ಮದ ಟಿಬಿ ಇರಬಹುದು ಅಂದರು. ಅವತ್ತು ನಿನ್ನಪ್ಪ ಊಟ ಮಾಡಲಿಲ್ಲ.

ಆಮೇಲೆ ಹೋದ ಚರ್ಮದ ಡಾಕ್ಟರಮ್ಮ ಕೈ ನೋಡಿದವರೇ ಕೇಳಿದ್ದು, "ಮನೇಲಿ ಮೀನು ಸಾಕಿದ್ದೀರಾ?"

ಕೀಲುವಾತಕ್ಕೆ ಮೆಥೋಟ್ರೆಕ್ಸೇಟ್, ಸ್ಟೀರಾಯ್ಡ್ ತಗೊಳ್ತೀನಿ ಅಂತ ಎಲ್ಲರಿಗೂ ಹೇಳಿದ್ದೆ. ಮೀನಿನ ವಿಷಯ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಗಂಟಿಗೂ ಗಪ್ಪಿಗೂ ನಂಟಿದೆ ಅಂತ ಯಾರಿಗೆ ಹೊಳೆಯುತ್ತೆ ಹೇಳು?

ಇದರ ಹೆಸರು ಮೈಕೋಬ್ಯಾಕ್ಟೀರಿಯಂ ಮರಿನಮ್. ಟಿಬಿಯ ದಾಯಾದಿ. 1926ರಲ್ಲೇ ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಮೀನುಗಳಲ್ಲಿ ಕಂಡಿದ್ದರಂತೆ. ತೊಟ್ಟಿಯ ಕಲ್ಲು ತಿಕ್ಕುವಾಗ ನನ್ನ ಬೆರಳು ತರಚಿತ್ತು, ಅಲ್ಲಿಂದಲೇ ಒಳಗೆ ಹೋಗಿರಬೇಕು. ಈ ಕ್ರಿಮಿಗೆ 30 ಡಿಗ್ರಿ ಆಸುಪಾಸಿನ ಬಿಸಿ ಸಾಕು. ನಮ್ಮ ಮೈಯೊಳಗಿನ 37 ಡಿಗ್ರಿ ಅದಕ್ಕೆ ಜಾಸ್ತಿ. ಅದಕ್ಕೇ ತಣ್ಣಗಿರುವ ಕೈಯಲ್ಲೇ ಉಳಿಯುತ್ತದೆ. ಲ್ಯಾಬಿನವರು ಎಂದಿನಂತೆ 37ರಲ್ಲಿ ಇಟ್ಟರೆ ಬೆಳೆಯದೆ ಹೋಗಬಹುದು. ಡಾಕ್ಟರಮ್ಮ ಚೀಟಿಯಲ್ಲಿ "30 ಡಿಗ್ರಿ" ಅಂತ ಬರೆದು ಅಡಿಗೆರೆ ಹಾಕಿ ಕಳಿಸಿದರು. ಈ ಸಲ ಬೆಳೆಯಿತು.

ಗಟ್ಟಿ ಇರುವವರಿಗೂ ಇದು ಬರುತ್ತದೆ ಪುಟ್ಟೀ. ಮೈಯ ರೋಗನಿರೋಧಕ ಶಕ್ತಿ ತಗ್ಗಿಸುವ ಕೀಲುವಾತದ ಔಷಧ ತಗೊಳ್ಳುವ ನನ್ನಂಥವರಲ್ಲಿ ಮೂಳೆ, ಕೀಲಿನವರೆಗೂ ಇಳಿಯುವ ಭಯ ಜಾಸ್ತಿ, ಅಷ್ಟೇ. ನನ್ನದು ಚರ್ಮ ದಾಟಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ, ನಿನ್ನಪ್ಪನ ತಟ್ಟೆ ಬೇರೆ ಇಡಬೇಕಿಲ್ಲ.

ಈಗ ಕ್ಲಾರಿಥ್ರೋಮೈಸಿನ್, ಎಥಾಂಬ್ಯುಟಾಲ್ ಎರಡೂ ನಡೆದಿದೆ. ಗಂಟು ಕರಗಿದ ಮೇಲೂ ಒಂದೆರಡು ತಿಂಗಳು ನುಂಗಬೇಕು. ಎರಡನೆಯದು ಕಣ್ಣಿಗೆ ತೊಂದರೆ ಕೊಡಬಹುದು ಅಂತ ಆಗಾಗ ಕೆಂಪು, ಹಸಿರು ಗುರುತಿಸುವ ಪರೀಕ್ಷೆ. ನಾನು ಪಾಸು. ಮೆಥೋಟ್ರೆಕ್ಸೇಟ್ ಸದ್ಯಕ್ಕೆ ನಿಲ್ಲಿಸಿರುವುದರಿಂದ ಬೆಳಗ್ಗೆ ಬೆರಳು ಮಡಚಲಾಗುವುದಿಲ್ಲ. ದೋಸೆ ಹುಯ್ಯುವ ಕೆಲಸ ನಿನ್ನಪ್ಪನ ಪಾಲಿಗೆ ಬಂದಿದೆ. ಆಕಾರದ ಬಗ್ಗೆ ಕೇಳಬೇಡ.

ತೊಟ್ಟಿಯನ್ನೂ ಅವರೇ ತೊಳೆಯುತ್ತಾರೆ, ಮೊಣಕೈವರೆಗೆ ರಬ್ಬರ್ ಗ್ಲೌಸ್ ಹಾಕಿಕೊಂಡು. ನಾನು ಕೈ ಹಾಕುವ ಹಾಗಿಲ್ಲ, ದೂರ ಕೂತು ಕಾಳು ಹಾಕಿಸುತ್ತೇನೆ. ನೀನು ಹಾಸ್ಟೆಲಿಗೆ ಹೋದ ಮೇಲೆ ಈ ಮನೆಯಲ್ಲಿ ಓಡಾಡುವ ಜೀವ ಅಂದರೆ ಅವೇ ಅಲ್ವಾ? ಭಾನುವಾರ ಒಂದು ಗಪ್ಪಿ ಮರಿಗಳನ್ನು ಹಾಕಿದೆ. ನಿನ್ನಪ್ಪ ಹದಿನೇಳು ಅನ್ನುತ್ತಾರೆ, ನನ್ನ ಲೆಕ್ಕದಲ್ಲಿ ಹತ್ತೊಂಬತ್ತು. ದಸರೆಗೆ ಬಂದಾಗ ನೀನೇ ಎಣಿಸು.

ನಿನ್ನ ಅಮ್ಮ