ಗುಡ್ಡೆಯ ಮೇಲೆ ಅಂಟೆನಾ ಹಿಡಿದವನು

ಚಿ. ಮಗಳೇ,

ಆಶೀರ್ವಾದಗಳು. ತಮ್ಮನ ಕೈಯಲ್ಲಿ ನೀನು ಕಳುಹಿಸಿದ ಹದಿನಾಲ್ಕು ಪುಟಗಳು ಕಳೆದ ವಾರವೇ ತಲುಪಿದವು. ಮಳೆ ಹೊಳವಾದ ಎರಡು ದಿನಗಳಲ್ಲಿ ತೋಟಕ್ಕೆ ಮದ್ದು ಬಿಡಿಸುವ ಗಡಿಬಿಡಿಯಿದ್ದುದರಿಂದ ಉತ್ತರ ತಡವಾಯಿತು. ಜೊತೆಗಿದ್ದ ಚೀಟಿಯಲ್ಲಿ, "ಮಾಷ್ಟ್ರೇ, ನನ್ನ ದಿನಗಳಲ್ಲಿ ಏನೂ ನಡೆಯುವುದಿಲ್ಲ, ಬರೆಯುವುದನ್ನೇ ಬಿಡುತ್ತೇನೆ" ಎಂದಿದ್ದೀ. ಕಾಗುಣಿತ, ಪತ್ರಿಕೆಗೆ ಕಳುಹಿಸುವ ಕ್ರಮ ಮುಂತಾದವನ್ನು ಯಾರನ್ನು ಕೇಳಿದರೂ ಹೇಳಿಯಾರು. ನನ್ನ ತಕರಾರು ಬೇರೆ. ನಿನ್ನ ದಿನದಲ್ಲಿ ನಡೆದದ್ದು ಬೇಕಾದಷ್ಟಿದೆ. ಅದನ್ನು ತೊಳೆದು, ಒಣಗಿಸಿ, ಇಸ್ತ್ರಿ ಹಾಕಿ ನನ್ನ ಮುಂದಿಟ್ಟಿದ್ದೀ.

ನಿನ್ನ ಬರಹದಲ್ಲಿ ಸಂಜೆ ಟಿ.ವಿ.ಯಲ್ಲಿ ಕನ್ನಡ ವಾರ್ತೆ ಬರುತ್ತದೆ. ನಿಮ್ಮ ಮನೆಯ ಜಗಲಿಯಲ್ಲಿ ನಾನು ಎಷ್ಟು ಸಂಜೆ ಕುಳಿತಿಲ್ಲ! ಆ ಹೊತ್ತಿಗೆ ನಿನ್ನಜ್ಜಿ ಮಲಯಾಳ ಧಾರಾವಾಹಿ ಹಾಕಿಕೊಂಡು ಅದರ ಅತ್ತೆಯನ್ನು ತುಳುವಿನಲ್ಲಿ ಬೈಯುವುದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಅಜ್ಜಿ ಎಲ್ಲಿ ಹೋದರು? ಗೆಳತಿಯರು ಮೂವರು ಬರುತ್ತಾರೆ, ಮೂವರೂ ಬೆಂಗಳೂರಿನ ನಿರೂಪಕಿಯರಂತೆ ಮಾತಾಡಿ ಹೋಗುತ್ತಾರೆ. ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದ ವಾಕ್ಯ ಓದಿದಾಗ ನಾನು ನೆಟ್ಟಗೆ ಕುಳಿತೆ. ಮರುವಾಕ್ಯದಿಂದಲೇ ಬದುಕಿನ ಏಳುಬೀಳುಗಳ ಬಗ್ಗೆ ಒಂದು ಪುಟದ ಉಪನ್ಯಾಸ. ಮೊದಲು ನಕ್ಕವರು ಯಾರು, ಏನೆಂದು ಕೂಗಿ ನಕ್ಕರು ಎಂಬುದನ್ನು ಹೇಳದೆ ಉಪನ್ಯಾಸ ಯಾರಿಗೆ ಬೇಕಿತ್ತು?

ಈ ಚಟ ನಿನ್ನೊಬ್ಬಳದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಇಲ್ಲಿ ಬರೆಯುವ ನಮಗೆಲ್ಲ ನಾವು ಕನ್ನಡಿಗರೆಂದು ಸಾಲುಸಾಲಿನಲ್ಲೂ ಸಾಬೀತುಪಡಿಸುವ ಅಭ್ಯಾಸವಾಯಿತು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಅದರಿಂದ ಅವರ ಕನ್ನಡಕ್ಕೆ ಏನು ಕಡಿಮೆಯಾಯಿತು? ಆದರೂ ನಾವು ಮನೆಯೊಳಗಿನ ಉಳಿದ ಭಾಷೆಗಳನ್ನು, ನೆಂಟರು ಬಂದಾಗ ಹರಕು ಚಾಪೆಯನ್ನು ಅಡಗಿಸಿದಂತೆ ಅಡಗಿಸಿದೆವು.

ಹಾಗೆ ಅಡಗಿಸಿದವರ ಸಾಲಿನಲ್ಲಿ ನಾನೂ ಇದ್ದೇನೆ. 1980ರ ದಶಕದ ಕೊನೆಗೆ ನಮ್ಮ ಮನೆಗೆ ಕಪ್ಪು-ಬಿಳುಪು ಟಿ.ವಿ. ಬಂದಿತ್ತು. ಭಾನುವಾರ ಬೆಳಿಗ್ಗೆ ಹಿತ್ತಿಲಿನ ಮುರಕಲ್ಲಿನ ಗುಡ್ಡೆ ಹತ್ತಿ ಅಂಟೆನಾದ ಕಂಬ ತಿರುಗಿಸುವುದು ನೆರೆಮನೆಯ ಗೆಳೆಯನ ಕೆಲಸ. ಅವನು ಮೇಲಿನಿಂದ "ಕಿಟ್ಟಿಯಾ?" ಎಂದು ಮಲಯಾಳದಲ್ಲಿ ಕೂಗುವನು, ಟಿ.ವಿ.ಯ ಮುಂದೆ ಕುಳಿತ ಕೆಲಸದಾಕೆ ತುಳುವಿನಲ್ಲಿ "ಇಜ್ಜಿ, ಇಜ್ಜಿ" ಎನ್ನುವಳು; ಅವನ ಕೈ ಸೋತೀತೆಂದು ಅಮ್ಮ ಅಡುಗೆಮನೆಯಿಂದಲೇ "ಬಂತು, ಬಂತು, ಇನ್ನು ಮುಟ್ಟಬೇಡ" ಎಂದು ಸುಳ್ಳು ಹೇಳುವರು. ಇದನ್ನೇ ಪ್ರಬಂಧ ಮಾಡಿದೆ, ಆದರೆ ಎಲ್ಲರ ಬಾಯಿಗೂ ಒಂದೇ ಅಚ್ಚುಕಟ್ಟಾದ ಕನ್ನಡ ತುರುಕಿದೆ. ಗುಡ್ಡೆಯ ಮೇಲಿನವನು "ಚಿತ್ರ ಮೂಡಿತೇ?" ಎಂದು ಕೇಳುತ್ತಿದ್ದ! ಒಬ್ಬ ಸಂಪಾದಕರು ಗಡಿನಾಡಿನ ಅಪ್ಪಟ ಕನ್ನಡವೆಂದು ಮೆಚ್ಚಿ ಕಾರ್ಡು ಬರೆದರು. ವರ್ಷಗಟ್ಟಲೆ ಅದನ್ನು ಬಂದವರಿಗೆಲ್ಲ ತೋರಿಸಿದೆ. ಗಲ್ಫಿಗೆ ಹೋಗಿದ್ದ ಗೆಳೆಯ ರಜೆಯಲ್ಲಿ ಬಂದಾಗ, ಅವನಿಗೆ ಕನ್ನಡ ಓದಲು ಬಾರದುದರಿಂದ ನಾನೇ ಓದಿ ಹೇಳಿದೆ. ಅವನು ಕೊನೆಯ ತನಕ ಮರ್ಯಾದೆಯಿಂದ ಕೇಳಿ, "ಅಂಟೆನಾ ಪಿಡಿಚ್ಚದ್ ಆರ್?" ಎಂದ. ಹಿಡಿದದ್ದು ತಾನೇ ಎಂಬುದು ಅವನಿಗೆ ಗೊತ್ತಾಗಿರಲಿಲ್ಲ. ಕಾರ್ಡನ್ನು ಅವನಿಗೆ ತೋರಿಸಲಿಲ್ಲ.

ಅದೇ ದಿನವನ್ನು ಮತ್ತೆ ಬರೆದು ಕಳುಹಿಸು. ಬೇರೆ ಭಾಷೆಯ ಮಾತು ಬಂದಲ್ಲಿ ಹಾಗೆಯೇ ಬರಲಿ, ಕಂಸದೊಳಗೆ ಅರ್ಥ ಕೊಡುವ ಉಪಕಾರ ಬೇಡ. ವಾರ್ತೆಯ ನಡುವೆ ಕರೆಂಟು ಹೋಯಿತೆಂದಿದ್ದೀಯಲ್ಲ, ನಿಜಕ್ಕೂ ಆಗ ಏನು ಬರುತ್ತಿತ್ತು, ಅಜ್ಜಿ ಯಾರನ್ನು ಬೈದರು? ಬಿದ್ದಾಗ ಮೊಣಕೈ ತರಚಿತೆಂದು ಬರೆದವಳು ಅದಕ್ಕೆ ಏನು ಹಚ್ಚಿದೆಯೆಂದು ಬರೆದಿಲ್ಲ. ವಾಸಿಯಾಯಿತೇ?

ನಿನ್ನ ಮಾಷ್ಟ್ರು