ನಿನ್ನ ಕತೆಯ ಆ ಸಂಜೆ

ಪ್ರಿಯ ಗೆಳೆಯ,

ಕತೆ ಎರಡು ಸಲ ಓದಿದೆ. ಅಜ್ಜಿಯ ಭಾಗ ಬಲು ಚೆನ್ನಾಗಿದೆ, ಅದನ್ನು ಮುಟ್ಟಬೇಡ. ನನ್ನ ತಕರಾರು ಹುಡುಗನ ಬಗ್ಗೆ. ಬೆಳಿಗ್ಗೆ ಫೇಲಾದ ಸುದ್ದಿ ಬರುತ್ತದೆ, ಸಂಜೆಗೆ ಸಾಯಲು ಹೊರಡುತ್ತಾನೆ. ನಡುವಿನ ಹೊತ್ತಿನಲ್ಲಿ ಅವನ ಮನಸ್ಸಿಗೆ ಏನಾಯಿತೋ ಅದೇ ಕತೆ. ಅದನ್ನೇ ಬಿಟ್ಟಿದ್ದೀಯ.

ಒಂದು ಸೋಲು ತಾನಾಗಿ ಯಾರನ್ನೂ ಅಲ್ಲಿಗೆ ಒಯ್ಯುವುದಿಲ್ಲ. ಮನೋವಿಜ್ಞಾನಿ ರೋರಿ ಓ'ಕಾನರ್ 2011ರಲ್ಲಿ ಮಂಡಿಸಿದ ಮಾದರಿಯಲ್ಲಿ ಸೋಲು, ಅವಮಾನಗಳ ಜೊತೆ 'ಇದರಿಂದ ಹೊರಬರಲಾರೆ' ಎಂದು ಸಿಕ್ಕಿಬಿದ್ದ ಭಾವ ಕೂಡಿಕೊಂಡಾಗ ಸಾವಿನ ಯೋಚನೆ ಹುಟ್ಟುತ್ತದೆ. ಮನೋವೈದ್ಯ ಆರನ್ ಬೆಕ್ ಹತಾಶೆಗೆ ಒತ್ತು ಕೊಟ್ಟರು: ಮುಂದೆಯೂ ಏನೂ ಸರಿಹೋಗದು ಎಂಬ ನಂಬಿಕೆ. ಮನೋವಿಜ್ಞಾನಿ ಎಡ್ವಿನ್ ಶ್ನೀಡ್‌ಮನ್ ಕಂಡದ್ದು ತಾಳಲಾಗದ ಮನೋವೇದನೆ. ಹತ್ತು ದಾರಿಗಳಿದ್ದರೂ ಆಗ ಒಂದೆರಡೇ ಕಾಣುತ್ತವಂತೆ. ಅದೇ ಗಳಿಗೆಯಲ್ಲಿ ಬದುಕುವ ಆಸೆಯೂ ಒಳಗೇ ಜಗಳವಾಡುತ್ತಿರುತ್ತದೆ. ಆ ಜಗಳ ನಿನ್ನ ಕತೆಯಲ್ಲಿ ಕೇಳಿಸಲೇ ಇಲ್ಲ.

ಇನ್ನೊಬ್ಬ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಸಾಯುವ ಆಸೆಯ ಹಿಂದಿನ ಎರಡು ಭಾವಗಳನ್ನು ಹೆಸರಿಸಿದರು: ನಾನು ಯಾರಿಗೂ ಸೇರಿದವನಲ್ಲ, ನಾನು ಎಲ್ಲರಿಗೂ ಹೊರೆ. ಎರಡನೆಯದರಲ್ಲೇ ನೀನು ಎಡವಿದ್ದು. 'ಅವನು ಮನೆಗೆ ಭಾರವಾಗಿದ್ದ' ಎಂದು ನಿರೂಪಕನೇ ಹೇಳಿಬಿಡುತ್ತಾನೆ. ಅದು ಹುಡುಗನ ಅನಿಸಿಕೆ. ನಿರೂಪಕ ಅದಕ್ಕೆ ರುಜು ಹಾಕಿದರೆ, ಹಾಗೇ ಅನಿಸುತ್ತಿರುವ ಓದುಗನೊಬ್ಬನಿಗೂ ಹೌದೆಂದು ಹೇಳಿದ ಹಾಗೆ. ಅಜ್ಜಿ ಅವನು ಬರುವವರೆಗೆ ದೀಪ ಆರಿಸದೆ ಕೂತಿರುತ್ತಾಳಲ್ಲ? ನಮಗೆ ಅದು ಕಾಯುವಿಕೆ. ಅವನಿಗೆ 'ನನ್ನಿಂದ ಇವಳ ನಿದ್ದೆ ಹಾಳು'. ಅಷ್ಟು ಬರೆದರೆ ಸಾಕು, ಜಾಯ್ನರ್ ಬೇಕಾಗಿಲ್ಲ. (ಸಿದ್ಧಾಂತಗಳ ಹೆಸರು ಕತೆಯಲ್ಲಿ ಎಲ್ಲೂ ಸುಳಿಯಕೂಡದು, ಮತ್ತೆ!)

ಕೊನೆಯ ಪುಟದ ವಿವರಗಳನ್ನು ತೆಗೆದುಹಾಕು. ಹೇಗೆ ಎಂಬುದು ಓದುಗರಿಗೆ ಬೇಡ. ಯೋಚನೆ ಬಂದವರೆಲ್ಲ ಆ ಹೆಜ್ಜೆ ಇಡುವುದಿಲ್ಲ, ಬಹುಪಾಲು ಜನ ಇಡುವುದಿಲ್ಲ. ಯೋಚನೆ ಬಂದೂ ದಾಟಿದವರ ಸುದ್ದಿ ಓದುವವರನ್ನು ಕಾಪಾಡಬಲ್ಲದು ಎಂಬ ಸುಳಿವು ಆಸ್ಟ್ರಿಯಾದ ಪತ್ರಿಕಾ ವರದಿಗಳನ್ನು ಪರಿಶೀಲಿಸಿದ 2010ರ ಅಧ್ಯಯನವೊಂದರಲ್ಲಿದೆ. ಹುಡುಗ ಉಳಿಯಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಉಳಿಯುವ ಸಾಧ್ಯತೆಯನ್ನಾದರೂ ಅವನಿಗೆ ಕೊಡು.

ಇನ್ನೊಂದು ಮಾತು. ಆ ಸಂಜೆ ನೀನು ಕಲ್ಪಿಸಿದ್ದೋ ಅನುಭವಿಸಿದ್ದೋ ನನಗೆ ತಿಳಿಯಲಿಲ್ಲ. ಅನುಭವಿಸಿದ್ದಾದರೆ ಕತೆ ಪಕ್ಕಕ್ಕಿಡು. ಹತ್ತಿರದವರಿಗೆ ಹೇಳು, ವೈದ್ಯರನ್ನು ಕಾಣು. ನನಗೂ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ. ನನ್ನ ನಿದ್ದೆಯ ಲೆಕ್ಕ ಹಾಕಬೇಡ.

ನಿನ್ನ ಹಿರಿಯ ಗೆಳೆಯ